ಈ ಕಡೆ ಐದು ಕಣ್ಣು

ಬಿ.ಎಂ. ರಸ್ತೆ, ಜೆರಾಕ್ಸ್ ಅಂಗಡಿಯ ಮಹಡಿ, ಭಾನುವಾರ.
ಮಗಳನ್ನು ಬಿಟ್ಟುಹೋಗಲು ಬಂದ ನನಗೂ
ಒಂದು ಹಾಳೆ ಕೊಟ್ಟರು ಜುಬೇದಾ ಟೀಚರ್.
ಸ್ಟೂಲಿನ ಮೇಲೆ ಬಿಳಿ ಟವೆಲ್ಲು,
ಟವೆಲ್ಲಿನ ಮೇಲೆ ಒಂದೇ ಒಂದು ಆಲೂಗಡ್ಡೆ.

ನಗು ಬಂತು.
ಹಾಸನದ ಮಂಡಿಯಲ್ಲಿ ಹದಿನೆಂಟು ವರ್ಷ ತೂಕದವನು ನಾನು,
ಚೀಲ ಮುಟ್ಟಿದರೆ ಸಾಕು, ಕಿಲೋ ಹೇಳುವವನು.
ಅರೆಗಳಿಗೆಯಲ್ಲಿ ಬರೆದೆ: ದುಂಡಗೆ, ಒಳಗೆ ನಾಲ್ಕು ಚುಕ್ಕಿ.
'ಉಂಡೆ ಚೆನ್ನಾಗಿದೆ' ಅಂದರು ಟೀಚರ್,
'ಈಗ ಅದನ್ನ ನೋಡಿ.'

ನೋಡಿದೆ.
ಎಡಕ್ಕೊಂದು ತಗ್ಗು, ಯಾರೋ ಹೆಬ್ಬೆರಳು ಒತ್ತಿ ಮರೆತ ಹಾಗೆ.
ಗುದ್ದಲಿ ತಾಗಿದ ಗಾಯ, ಮೇಲೆ ಒಣಗಿದ ಹಕ್ಕಳೆ.
ನೆರಳು ಪೂರ್ತಿ ಕಪ್ಪಲ್ಲ:
ಟವೆಲ್ಲಿಗೆ ಬಡಿದ ಬೆಳಕು ತುಸು ವಾಪಸು ಬಂದು
ಅದರ ಹೊಟ್ಟೆಯಡಿ ಕೂತಿದೆ.

ಬಿತ್ತನೆಗೆ ಕುಯ್ಯುವಾಗ ಅವ್ವ ಅನ್ನೋಳು,
ಹೋಳಿಗೆ ಎರಡು ಕಣ್ಣಾದರೂ ಇರಲಿ,
ಕುರುಡು ಹೋಳು ಮಣ್ಣಿಗೆ ದಂಡ.
ಎಣಿಸಿದೆ. ಈ ಕಡೆ ಐದು.
ಒಂದೊಂದಕ್ಕೂ ಹುಬ್ಬು.

ಮಗಳ ಹಾಳೆ ಇಣುಕಿದೆ, ಗಾಯವೇ ಇಲ್ಲ.
ಮರೆತೆಯಲ್ಲೇ ಅಂದರೆ
ತಲೆಯೆತ್ತದೆ ಹೇಳಿದಳು,
'ನಾನು ಕೂತಿರೋ ಕಡೆಗೆ ಕಾಣಲ್ಲಪ್ಪ.'

ಉಜ್ಜಿ ಉಜ್ಜಿ ನನ್ನ ಹಾಳೆ ತೂತಾಗುವ ಹೊತ್ತಿಗೆ
ಗಂಟೆ ಹನ್ನೆರಡು. ಅರ್ಧವೂ ಮುಗಿದಿಲ್ಲ.
ಟೀಚರ್ ಆಲೂಗಡ್ಡೆ ಎತ್ತಿ ಚೀಲಕ್ಕೆ ಹಾಕಿಕೊಂಡರು,
ಮಧ್ಯಾಹ್ನದ ಪಲ್ಯಕ್ಕೆ.
'ಮುಂದಿನ ವಾರ ಬೇರೆ ತರ್ತೀನಿ, ಮುಗಿಸೋರಂತೆ.'

ದಿನಕ್ಕೆ ಮುನ್ನೂರು ಚೀಲ ತೂಗುವವನು
ಮೆಟ್ಟಿಲ ಹತ್ತಿರ ನಿಂತುಬಿಟ್ಟೆ:
ಬೇರೆ ಅಂದರೆ, ಟೀಚರ್,
ಅದು ಇದಲ್ಲವಲ್ಲ.