ಮೂರನೆಯ ನೆನಪೋಲೆ

ಮಾನ್ಯರೇ,
ನಲವತ್ತೇಳನೆಯ ಬಿಲ್ಲಿನ ಬಗ್ಗೆ ಇದು ಮೂರನೆಯ ನೆನಪೋಲೆ.
ಮೊದಲನೆಯದರಲ್ಲಿ ‘ದಯವಿಟ್ಟು’ ಎರಡು ಸಲ ಇತ್ತು,
ಎರಡನೆಯದರಲ್ಲಿ ಒಂದೇ ಸಲ.
ಇದರಲ್ಲಿ, ನೋಡೋಣ.
ಈತನಕ ಬಿಲ್ಲನ್ನಷ್ಟೇ ಕಳಿಸಿದ್ದೇನೆ,
ಬಾಣ ನನ್ನ ಬಳಿಯೇ ಇದೆ.

ವಿಷಯ: ಹಿಮದ ಸಲಿಕೆ. ಸಾವಿರದ ಇನ್ನೂರು ಪದ.
ಯಾವ ಹಿಡಿ ಸೊಂಟಕ್ಕೆ ಹಿತ, ಯಾವ ಅಲಗು ಹೆಪ್ಪನ್ನು ಸೀಳುತ್ತದೆ,
ಹೊಸಿಲ ಮುಂದಿನ ರಾಶಿಯನ್ನು ಎಷ್ಟು ಹೊತ್ತಿಗೆ ಎತ್ತಬೇಕು.
ಹಿಮವನ್ನು ನಾನು ಕಂಡವಳಲ್ಲ.
ಕಿಸುಮುವಿನಲ್ಲಿ ತಣ್ಣಗಿರುವುದು ಎರಡೇ:
ಮೀನಿನವರ ಪೆಟ್ಟಿಗೆಯ ಐಸು,
ವಿನಿಪೆಗ್‌ನಿಂದ ಬರುವ ನಿಮ್ಮ ಉತ್ತರ.

ಹಾಗಾಗಿ ಸರೋವರದ ದಡಕ್ಕೆ ಹೋದೆ.
ನೆರಿಮಾಳ ಪೆಟ್ಟಿಗೆಯೊಳಗೆ, ಮೀನುಗಳ ಕಣ್ಣೆದುರೇ,
ಮೊಣಕೈವರೆಗೆ ತೋಳಿಳಿಸಿ ನೂರೆಣಿಸಿದೆ.
‘ಹುಚ್ಚು ಹಿಡಿಯಿತೇನೇ’ ಅಂದಳು, ಮುಚ್ಚಳ ಹಿಡಿದುಕೊಂಡೇ.
ಎಂಬತ್ತರ ಹೊತ್ತಿಗೆ ಬೆರಳು ಯಾರವೋ ಅನ್ನಿಸಿದವು.
ಅದನ್ನೇ ಮೊದಲ ಸಾಲು ಮಾಡಿದೆ.
‘ಸ್ವಂತ ಅನುಭವದ ಕಸುವಿದೆ’ ಎಂದು ನೀವೇ ಬರೆದಿರಿ.
ಮನೆಯೊಡೆಯನಿಗೆ ಆ ಮಾತನ್ನು ಓದಿ ಹೇಳಿದೆ.
ಬಾಡಿಗೆಗೆ ಮುರಿದುಕೊಳ್ಳಲಿಲ್ಲ.

ನನ್ನ ಕೋಣೆಯ ಕರೆಂಟಿಗೆ ಮುಂಗಡ ಕಟ್ಟಬೇಕು.
ಇಪ್ಪತ್ತು ಅಂಕಿ ಒತ್ತಿದರೆ ಮೀಟರು ಕಣ್ಣು ಬಿಡುತ್ತದೆ,
ತೀರುವ ಮೊದಲು ಹಸಿದ ಮರಿಯ ಹಾಗೆ ಕೀಚಲು ಹತ್ತುತ್ತದೆ.
ನಿಮ್ಮ ಕೊನೆಯ ಎರಡು ಪ್ಯಾರಾ ಆ ಕೀಚಲಿನಲ್ಲೇ ಮುಗಿದದ್ದು.
ಮೊದಲು ದುಡ್ಡು, ಆಮೇಲೆ ಬೆಳಕು:
ಇಷ್ಟು ಲೋಕಜ್ಞಾನ ಗೋಡೆಯ ಮೇಲಿನ ಡಬ್ಬಿಗೂ ಇದೆ.

ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ.
ಹಾಗಿದ್ದರೆ ಒಂಬತ್ತು ವಾರದಿಂದ ನೀವು
ಬಂಗಾರ ಕೂಡಿಡುತ್ತಿದ್ದೀರಿ.

ಈ ವರ್ಷ ಬರೆದದ್ದು: ನಾಯಿಗಳ ಸ್ವೆಟರು. ಬೊಕ್ಕತಲೆಯ ತೈಲ.
ಎಲ್ಲೋ ಒಂದು ಮದುವೆಗೆ ವರನ ಗೆಳೆಯನ ಭಾಷಣ
(ವರ ಅತ್ತನಂತೆ; ಗೆಳೆಯ ಒಂದು ತಿಂಗಳಾದ ಮೇಲೆ ಕೊಟ್ಟ).
ಯಾವುದರಡಿಯೂ ನನ್ನ ಹೆಸರಿಲ್ಲ.
ಚಿಕ್ಕಮ್ಮ ಕೇಳುತ್ತಾಳೆ, ‘ಎಲ್ಲಿ ಕೆಲಸ?’
‘ಮನೆಯಲ್ಲೇ.’
‘ಅಂದರೆ ಕೆಲಸವಿಲ್ಲ ಅನ್ನು.’

ಹೆಸರು ಅಓಕೊ. ನಮ್ಮಲ್ಲಿ ಅದಕ್ಕೆ ಮನೆಯ ಹೊರಗೆ ಹುಟ್ಟಿದವಳು ಎಂದರ್ಥ.
ಆಸ್ಪತ್ರೆಗೆ ಹೊರಟ ಅಮ್ಮನಿಗೆ ದಾರಿಯೇ ಸಾಕಾಗಿತ್ತು.
ಅಂದಿನಿಂದ ಹೊರಗೇ ಇದ್ದೇನೆ: ಕಚೇರಿಯ ಹೊರಗೆ,
ಸಂಬಳದ ಪಟ್ಟಿಯ ಹೊರಗೆ, ಬರೆದದ್ದರ ಹೊರಗೆ.
ದೂರಲ್ಲ ಇದು. ಗಾಳಿ ಚೆನ್ನಾಗಿ ಬರುತ್ತದೆ.

ನಿನ್ನೆ ರಾತ್ರಿ ನೆರಿಮಾ ಬಂದಳು.
ಕಟ್ಟೆ ತೆರವು ಮಾಡಬೇಕೆಂದು ನಗರದವರ ನೋಟೀಸು, ಒಂದು ಅರ್ಜಿ ಬೇಕು.
ಟಾರ್ಚು ಅವಳ ಬಾಯಲ್ಲಿ, ಕಾಗದ ಅವಳ ಪೆಟ್ಟಿಗೆಯ ಮೇಲೆ,
ಅರ್ಧ ಪುಟ. ಹನ್ನೊಂದು ವರ್ಷ, ಮೂರು ಮಕ್ಕಳು, ಒಂದು ತಕ್ಕಡಿ.
ಒಂದು ಪದವನ್ನೂ ಹಿಗ್ಗಿಸಲಿಲ್ಲ, ಎಣಿಸಲೂ ಇಲ್ಲ.
ರುಜು ಹಾಕಿ ಅವಳೆಂದಳು, ‘ಬರೆದವಳೂ ಹಾಕಬೇಕಲ್ಲ?’
ಹಾಕಿದೆ. ಕೈ ಕೊಂಚ ಅಲುಗಿತು, ಟಾರ್ಚಿನದೇ ತಪ್ಪಿರಬೇಕು.

ಕೂಲಿ ಕೈಗೇ ಬಂತು: ಒಂದು ಟಿಲಾಪಿಯಾ, ಹಳೆಯ ಪತ್ರಿಕೆಯಲ್ಲಿ ಸುತ್ತಿ.
ಹುರಿಯುವ ಮೊದಲು ಆ ಹಾಳೆ ಓದಿದೆ.
ಯಾರದೋ ಅರ್ಧ ಲೇಖನ, ಸೇತುವೆಯೊಂದರ ಬಗ್ಗೆ;
ಎರಡನೆಯ ಸಾಲು ಚೆನ್ನಾಗಿತ್ತು.
ಅವರಿಗೂ ದುಡ್ಡು ಬಂದಿರಲಿ.

ಇನ್ನು ನಮ್ಮ ವ್ಯವಹಾರ.
ನಿಮ್ಮ ಅಂಗಳದಲ್ಲೀಗ ಹಿಮ ಬೀಳುತ್ತಿರಬೇಕು.
ಸಲಿಕೆ ಎತ್ತುವಾಗ ಬೆನ್ನು ಬಗ್ಗಿಸಬೇಡಿ, ಮೊಣಕಾಲು ಬಗ್ಗಿಸಿ.
ಆರನೆಯ ಪ್ಯಾರಾದಲ್ಲಿದೆ.
ನೆನಪಿರಲಿ, ಅದನ್ನು ನೀವಿನ್ನೂ ಕೊಂಡಿಲ್ಲ;
ಹಣ ಸಂದಾಯವಾಗುವ ತನಕ
ಆ ಮೊಣಕಾಲು ನನ್ನದು.

ದಯವಿಟ್ಟು.