ಎಡಗಾಲಿನದು

ಸೇತುವೆ ಮನೆಯ ಹಿಂದೆ, ಗಾಳಿ ಸಿಗದ ಕಡೆ
ಒಂದು ನೀಲಿ ಬಕೆಟ್ಟು.
ಅದರೊಳಗೆ ನಲ್ಲಿಯ ನೀರು, ಅರ್ಧ ಹಿಡಿ ಬಟ್ಟೆ ಸೋಡಾ.
ಅಡುಗೆ ಉಪ್ಪು ಮಾತ್ರ ಬೇಡ, ಅಂದಿದ್ದ ಬಸ್ ಡಿಪೋದ ಹಿಲ್ಕೆ,
ಏಳುವ ಹೊಗೆ ಕೆಟ್ಟದ್ದು,
ಉಪ್ಪು ಹಾಕಿದವಳೇ ನೀರು ಕುಡಿಯಬೇಕಾದೀತು.
ಹೊಳೆಯುವ ಸ್ಟೀಲೂ ಬೇಡ, ಅದು ಕರಗಿದರೆ ವಿಷ.
ಹಳೆ ಬೇಲಿಯ ಕಂಬಿ ಸಾಕು.
ಕೆಂಪು ಕ್ಲಿಪ್ಪು ಸಾಯುವ ಕಬ್ಬಿಣಕ್ಕೆ,
ಕರಿ ಕ್ಲಿಪ್ಪು ಉಳಿಯುವುದಕ್ಕೆ.
ಅದಲುಬದಲಾದರೆ ನಿನ್ನಮ್ಮನ ಸ್ಕೇಟೇ
ಬಕೆಟ್ಟಿನ ತಳ ಸೇರುತ್ತೆ ನೋಡು.

ಸುಂಕದ ಲೆಕ್ಕ ಬರೆಯುವ ಪೆನ್ನಿನಲ್ಲಿ
ಅಂಗೈ ಮೇಲೆ ಬರೆದುಕೊಂಡೆ: ಕರಿ, ಅಮ್ಮ.

ಮರದ ಅಟ್ಟೆ ಬಿಚ್ಚಿಟ್ಟೆ. ತೊಗಲಿನ ಪಟ್ಟಿ
ಬಿಚ್ಚುವ ಮೊದಲೇ ಪುಡಿಯಾಯಿತು.
ಉಳಿದದ್ದು ಎರಡು ಅಲಗು, ಒಣಗಿದ ಮೀನಿನಂಥವು,
ಮುಟ್ಟಿದರೆ ಕೈಗೆ ಇಟ್ಟಿಗೆ ಬಣ್ಣ.
ಚಾರ್ಜರ್ ಗುಂಯ್ ಅಂದಿತು.
ಸ್ವಲ್ಪ ಹೊತ್ತು ಏನೂ ಇಲ್ಲ.
ಆಮೇಲೆ ಅಲಗಿನ ಮೈಯಿಂದ ಸಾಸಿವೆಗಿಂತ ಸಣ್ಣ ಗುಳ್ಳೆ,
ಗುಳ್ಳೆಯ ಹಿಂದೆ ಗುಳ್ಳೆ, ನೀರಿಗೆ ಕಂದು ನೊರೆ.

'ಅದು ಉಸಿರಾಡ್ತಿದೆಯಾ?' ಪಕ್ಕದ ಮನೆಯ ವೀಬ್ರನ್,
ಒಂಬತ್ತು ವರ್ಷ, ಒಂದು ಹಲ್ಲಿಲ್ಲ.
'ಹೂಂ. ಬೆಂಕಿಕಡ್ಡಿ ತರಬೇಡ ಹತ್ತಿರ.'
'ಇವು ಯಾತಕ್ಕೆ?'
'ಕಾಲುವೆ ಮೇಲೆ ನಡೆಯೋಕೆ.'
ಅವನು ಕಾಲುವೆ ನೋಡಿದ. ಬಾತುಕೋಳಿ ಈಜುತ್ತಿತ್ತು.
ನನ್ನ ಮುಖ ನೋಡಿದ,
ಮರ್ಯಾದೆಗೆ ನಗಲಿಲ್ಲ.

ಕರೆಂಟಿಗೂ ಒಂದು ಗುಣ ಉಂಟು:
ಮುಖ ನೋಡಿ ಮಣೆ ಹಾಕುತ್ತದೆ.
ಕಂಬಿಗೆ ಎದುರಾದ ಮಗ್ಗುಲು ಬೆಳಗಾದರೂ
ಬೆನ್ನಿನ ಮೇಲೆ ಇನ್ನೂ ನಿನ್ನೆ ರಾತ್ರಿ.
ತಿರುಗಿಸಬೇಕು. ಗಂಟೆಗೊಮ್ಮೆ ಸ್ವಿಚ್ ಆರಿಸಿ,
ಕಾಯಿಲೆಯವರನ್ನು ಹೊರಳಿಸಿದ ಹಾಗೆ.
ನಡುನಡುವೆ ದೋಣಿ ಬಂದರೆ
ಒದ್ದೆ ಕೈಯಲ್ಲೇ ಓಡಿ ಸೇತುವೆ ಎತ್ತಬೇಕು.

ಸಂಜೆ ಹೊರಗೆ ತೆಗೆದೆ. ಮೈತುಂಬ ಕರಿ ರಾಡಿ.
ಬ್ರಷ್ಷು ತಿಕ್ಕಿದಲ್ಲೆಲ್ಲ ಬೂದು ಕಬ್ಬಿಣ,
ಸಿಡುಬು ಬಂದು ಹೋದ ಮುಖದ ಹಾಗೆ ಗುಳಿ ಗುಳಿ.
ತುಕ್ಕು ತಿಂದದ್ದನ್ನು ಯಾವ ಕರೆಂಟೂ ಕಕ್ಕಿಸುವುದಿಲ್ಲ.
ಬಿಸಿನೀರು ಹೊಯ್ದು, ಒರೆಸಿ, ಒಲೆಯ ಮೇಲಿಟ್ಟೆ,
ಗಾಳಿಯ ಕಣ್ಣು ಬೀಳುವ ಮುಂಚೆ ಅಗಸೆ ಎಣ್ಣೆ.

ಹಿಮ್ಮಡಿಯ ಹತ್ತಿರ ಅಕ್ಷರ ಇದ್ದವು,
ಉಳಿಯಲ್ಲಿ ಕೊರೆದವು.
ಬಲಗಾಲಿನದರಲ್ಲಿ ಎಂ, ಎಚ್. ಅಮ್ಮ, ಮಾಯ್ಕೆ ಹೂಕ್ಸ್ತ್ರಾ.
ಎಡಗಾಲಿನದರಲ್ಲಿ
ಎಸ್, ವಿ.

ನಮ್ಮ ಪೈಕಿ ಯಾರೂ ಎಸ್ ಇಲ್ಲ, ವಿ ಇಲ್ಲ.

ಅಮ್ಮನಿಗೆ ಹತ್ತೊಂಬತ್ತು. ಆ ಚಳಿಗಾಲ
ಏಳು ಊರಿನವರು ಮಂಜಿನ ಮೇಲೆ ಬಂದು
ಕಾಲುವೆ ದಂಡೆಯ ಹೋಟೆಲಿನಲ್ಲಿ ಬಟಾಣಿ ಸೂಪು ಕುಡಿದರಂತೆ,
ಒಲೆಯ ಪಕ್ಕ ಸ್ಕೇಟುಗಳ ರಾಶಿ,
ದೀಪ ಆರಿದ್ದು, ನಗು, ಕತ್ತಲಲ್ಲಿ ಕೈಗೆ ಸಿಕ್ಕಿದ್ದು.
ನೂರು ಸಲ ಹೇಳಿದ್ದಾಳೆ. ಈ ತುದಿ ಮಾತ್ರ
ಅವಳಿಗೂ ಗೊತ್ತಿರಲಿಲ್ಲ.

'ಎಡಗಾಲು ನನ್ನ ಮಾತು ಕೇಳೋದಿಲ್ಲ ಕಣೇ,
ನೀರಿನ ಕಡೆಗೇ ಎಳೆಯುತ್ತೆ.'
ಅಪ್ಪ ಮಂಡಿ ನೋವು ಅಂದ. ಡಾಕ್ಟರು ಮಾತ್ರೆ ಬರೆದರು.
ನಾವು ಮಕ್ಕಳು ಅವಳ ನಡಿಗೆಯನ್ನೇ ಅಣಕಿಸಿ ಆಡಿದೆವು.
ಒಂದೇ ಉದ್ದ, ಒಂದೇ ಪಟ್ಟಿ, ಒಂದೇ ತುಕ್ಕು.
ತುಕ್ಕಿಗೆ ಹೆಸರಿನ ಹಂಗಿಲ್ಲ, ಎರಡನ್ನೂ
ಅವಳ ಜೋಡಿ ಮಾಡಿಬಿಟ್ಟಿತ್ತು.

ಹಾರ್ನ್ ಕೇಳಿತು. ದಕ್ಷಿಣದ ಕಡೆಯ ಹಾಯಿದೋಣಿ.
ಸೇತುವೆ ಎತ್ತಿ, ಗಾಳದ ಕೋಲಿನ ತುದಿಗೆ
ಮರದ ಪಾದರಕ್ಷೆ ಕಟ್ಟಿ ಸುಂಕಕ್ಕೆ ಇಳಿಬಿಟ್ಟೆ.
ಬಾಗಿ ಕೂಗಿದೆ:
'ನಿಮ್ಮ ಮನೆಯಲ್ಲಿ ಯಾರಿಗಾದರೂ
ಎಡಗಾಲು ಮಾತು ಕೇಳುತ್ತಿರಲಿಲ್ಲವಾ?'

ಗಾಳಿಗೆ ಏನು ಕೇಳಿಸಿತೋ,
ಆತ ತಲೆ ಕೆರೆದುಕೊಂಡು
ಇನ್ನೊಂದು ನಾಣ್ಯ ಹಾಕಿದ.