ಕಳೆ

ನಮ್ಮ ದೇಶಕ್ಕೆ ಕಡಲಿಲ್ಲ.
ಬ್ರನೋ ಊರಿನ ನಾಲ್ಕನೆಯ ಮಹಡಿಯಲ್ಲಿ
ಬಕೀಟಿಗೆ ಉಪ್ಪು ಸುರಿದು, ಮರದ ಸೌಟಿನಲ್ಲಿ ಕದಡಿ
ನಾನೇ ಕಡಲು ಕಾಯಿಸಿದ್ದೇನೆ ನಿನಗೆ,
ಮಗುವಿನ ಹಾಲು ಕಾಯಿಸುವಷ್ಟು ಹುಷಾರಾಗಿ.
ಉಣ್ಣಬಾರದೇ?

ಒಂಬತ್ತು ದಿನವಾಯ್ತು.
ಕೊನೆಯ ಟ್ರಾಮನ್ನು ಡಿಪೋಗೆ ಬಿಟ್ಟು
ಬೂಟೂ ಕಳಚದೆ ಬಂದು ಗಾಜಿಗೆ ಮೂಗು ಒತ್ತುತ್ತೇನೆ.
ಆ ಕಡೆಯಿಂದ ನೀನೂ ತರುತ್ತೀಯ ನಿನ್ನದನ್ನು.
ಎಂಥ ಮೂಗು! ಅಕ್ಕಸಾಲಿಗನ ಚಿಮಟ.
ಬಿಳಿ ಮೈಗೆ ತಾಮ್ರದ ಪಟ್ಟಿ,
ಬೆನ್ನ ತುದಿಯಲ್ಲೊಂದು ಸುಳ್ಳು ಕಣ್ಣು.
ಯಾವ ಕಣ್ಣಲ್ಲಿ ನೋಡಿ ಬೇಡವೆನ್ನುತ್ತೀಯೋ.

ಮೊದಲು ಮಂಜುಗಟ್ಟಿದ ಸೀಗಡಿಮರಿ.
ಕರಗಿಸಿ, ಸೋಸಿ, ಪಿಚಕಾರಿಯಲ್ಲಿ ನಿನ್ನೆದುರಿಗೇ ಬಿಟ್ಟೆ.
ಬಾಯಿಗಿಟ್ಟು ಉಗುಳಿದೆ,
ಸಾರಿಗೆ ಉಪ್ಪು ಸಾಲದೆಂದು ನನ್ನ ಮಾವ
ತಟ್ಟೆ ದೂಡುವ ಹಾಗೆ.
ಆಮೇಲೆ ಬೆಳ್ಳುಳ್ಳಿ ರಸದಲ್ಲಿ ನೆನೆಸಿ:
ಮನೆಯೆಲ್ಲ ಘಾಟು, ದ್ರಾಹುಶ್ಕಾ ಕಿಟಕಿ ತೆರೆದಳು,
ಹಿಮ ಒಳಗೆ ಬಂತು,
ಬಂಡೆಯ ಹಿಂದಿನಿಂದ ನೀನು ಬರಲಿಲ್ಲ.
ಜೀವಂತ ಕೆಂಪು ಹುಳ. ಮೀನಿನ ಮೊಟ್ಟೆ.
ದೀಪ ಆರಿಸಿ ಒಮ್ಮೆ, ಹಚ್ಚಿ ಒಮ್ಮೆ.
ಆ ಹಳದಿಯವನು, ಹೊಟ್ಟೆಬಾಕ,
ನಿನ್ನ ಪಾಲನ್ನೂ ತಿಂದು ತಿಂದು ಕುಂಬಳಕಾಯಿಯಾದ.
ನಿನ್ನ ಹೊಟ್ಟೆ ಮಾತ್ರ ಹಳೆಯ ಲಕೋಟೆ,
ಒಳಗೆ ಕಾಗದವಿಲ್ಲ.

ನಿನಗೆ ಹೆಸರಿಟ್ಟಿಲ್ಲ.
ನಿನಗಿಂತ ಮುಂಚೆ ಬಂದವನಿಗೆ ಇಟ್ಟಿದ್ದೆ.
ಹದಿಮೂರನೆಯ ದಿನ ಚಹಾ ಡಬ್ಬಿಯಲ್ಲಿ ಮಲಗಿಸಿ
ಸ್ವ್ರಾಟ್ಕಾ ಹೊಳೆಯ ದಂಡೆಯಲ್ಲಿ ಹೂತೆ.
ಉಪ್ಪಿನ ಜೀವಕ್ಕೆ ಸಿಹಿನೀರಿನ ಮಣ್ಣು.
ಅದೂ ಒಂದು ತಪ್ಪೇ ಇರಬೇಕು.

ಕೆಳಗಿನ ತರಕಾರಿ ಅಂಗಡಿಯ ಹ್ವೇ
ಕಡಲು ಕಂಡು ಬೆಳೆದವಳು, ವಿಯೆಟ್ನಾಮಿನವಳು.
ಚಿಪ್ಪುಮೀನು ಕಟ್ಟಿಕೊಂಡು ಮೆಟ್ಟಿಲೇರಿ ಬಂದಳು.
ಬಗ್ಗಿ ನಿನ್ನ ನೋಡಿ ನಕ್ಕಳು:
"ಹಟ ಅಲ್ಲ ಇದು. ತಟ್ಟೆಯೂಟ ಗೊತ್ತಿಲ್ಲ ಇವನಿಗೆ.
ಸಂದುಗೊಂದಿ ತಡಕಿ ಹೆಕ್ಕಿ ತಿನ್ನುವ ಜಾತಿ."
ಚಾಕುವಿನಲ್ಲಿ ಚಿಪ್ಪು ಬಿಡಿಸಿ ಇಳಿಸಿದೆವು.
ಗಂಟೆ ಹೊತ್ತು ನೋಡಿದೆ, ಒಂದು ಸಲ ಕುಕ್ಕಿದೆ, ಹೊರಟೆ.
ಹೋಗುವಾಗ ಹ್ವೇ ಕೇಳಿದಳು,
"ಆ ಮೂಲೆಯಲ್ಲಿ ಅದೇನು ಕಂದು ಹೂವು?"

ಹೂವಲ್ಲ ತಾಯಿ, ಕಳೆ.
ಯಾವುದೋ ಕಲ್ಲಿಗಂಟಿ ಬಂದದ್ದು.
ವರ್ಷದಿಂದ ಸೂಜಿ ಹಿಡಿದು ನಿಂಬೆರಸ ಚುಚ್ಚುತ್ತಿದ್ದೇನೆ.
ಒಂದು ಕಿತ್ತರೆ ಹತ್ತು.
ಕುಟುಕುವ ಬೆರಳುಗಳನ್ನು ಚಾಚಿಕೊಂಡು
ಬಾಡಿಗೆ ಕೊಡದೆ ಕೂತುಬಿಟ್ಟಿವೆ.

ಹತ್ತನೆಯ ರಾತ್ರಿ
ನೀನು ತಲೆಕೆಳಗಾಗಿ ನಿಂತಿದ್ದೆ, ಬಾಲ ಮೇಲೆ.
ಸತ್ತೆಯೆಂದುಕೊಂಡೆ.
ಇಲ್ಲ. ಚಿಮಟ ಸಂದಿಗಿಳಿಯಿತು,
ಕಂದು ಹೂವೊಂದು ಬುಡಸಮೇತ ಎದ್ದು ಬಂತು.
ಬಾಯಿ ಆಡಿತು.
ಉಗುಳಲಿಲ್ಲ.
ದ್ರಾಹುಶ್ಕಾಳನ್ನು ಎಬ್ಬಿಸಲಿಲ್ಲ ನಾನು.
ಬೂಟಿನ ಹಿಮ ಕರಗಿ ಕಾಲಡಿ ಕೊಳವಾಗುವವರೆಗೂ
ಹಾಗೇ ನಿಂತಿದ್ದೆ.

ಮೂರು ವಾರ. ನಿನ್ನ ಮುಖಕ್ಕೆ ಕಳೆ ಬಂತು,
ತೊಟ್ಟಿಯಲ್ಲಿ ಕಳೆ ಮುಗಿಯಿತು.

ಮೀನಂಗಡಿಗೆ ಹೋಗಿ ಕೇಳಿದೆ,
ಕಳೆ ಹತ್ತಿದ ಕಲ್ಲಿದ್ದರೆ ಕೊಡು.
"ದುಡ್ಡು ಕೊಟ್ಟು?" ಎಂದ ವೊಯ್ತ್ಯೆಖ್,
ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ ನನ್ನನ್ನು.

ಈಗ ಅಡುಗೆಮನೆಯ ಕಿಟಕಿಯಲ್ಲಿ,
ಸೌತೆ ಉಪ್ಪಿನಕಾಯಿ ತಿಂದುಳಿದ ಸೀಸೆಗಳಲ್ಲಿ,
ಸಾಲಾಗಿ ಕಳೆ ಬೆಳೆಯುತ್ತಿದ್ದೇನೆ.
ಗುಂಡುಸೂಜಿಯ ತುದಿಗೆ ಸೀಗಡಿಯ ಚೂರು ಚುಚ್ಚಿ
ಒಂದೊಂದಕ್ಕೂ ತುತ್ತು ಕೊಡುತ್ತೇನೆ.
ಬೇಡವೆನ್ನುವುದಿಲ್ಲ ಇವು, ಯಾವತ್ತೂ.
ನೀನು ಉಗುಳಿದ್ದನ್ನೇ ನುಂಗುತ್ತವೆ,
ಗುರುವಾರ ನೀನು ಇವನ್ನು ನುಂಗುತ್ತೀಯ.
ಹಳಿ ದುರಸ್ತಿಯ ದಿನಗಳಲ್ಲಿ
ನನ್ನ ಟ್ರಾಮೂ ಹೀಗೇ, ಊರೆಲ್ಲ ಸುತ್ತಿ
ಪಕ್ಕದ ಬೀದಿಗೆ ಬರುತ್ತದೆ.

ಒಂದೇ ತೊಂದರೆ:
ಮೂರನೆಯ ಸೀಸೆಯಲ್ಲಿ ಒಂದಿದೆ, ಕೊಂಚ ಹಸಿರು ಛಾಯೆಯದು,
ನಾನು ಬಂದರೆ ಬೆರಳು ಅರಳಿಸುತ್ತದೆ.
ಅದನ್ನು ನಿನಗೆ ಹಾಕಲಾರೆ.
ಅದಕ್ಕೆ ಹೆಸರಿಟ್ಟುಬಿಟ್ಟಿದ್ದೇನೆ.